ತೇಗದ ಪೆಟ್ಟಿಗೆ, ತಗಡಿನ ತುತ್ತೂರಿ

ನನ್ನ ಭಾವಮೈದುನ ಚೆನ್ನಕೇಶವ ತೀರಿಕೊಂಡ ಸುದ್ದಿ ಪೆನ್ನಾಗರಕ್ಕೆ ಬಂದಾಗ ಮೊದಲು ಯಾರೂ ಅಳಲಿಲ್ಲ. ಇದನ್ನು ಓದಿ ನಮ್ಮ ಬೀದಿಯವರನ್ನು ಕಲ್ಲೆದೆಯವರೆಂದು ತಿಳಿಯಬಾರದು. ಅವನಿಗಾಗಿ ಅವರು ಹಿಂದೆಯೇ ಒಮ್ಮೆ ಚೆನ್ನಾಗಿ ಅತ್ತು ಮುಗಿಸಿದ್ದರು. ಆ ಅಳು ದಂಡವಾಗಿ ಹೋಗಿತ್ತು.

ಅದು ಆಷಾಢದ ಒಂದು ಬೆಳಿಗ್ಗೆ. ನಾನು ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಜಗುಲಿಯ ಮೇಲೆ ಕುಳಿತಿದ್ದೆ. ಧರ್ಮಪುರಿಯ ಬಸ್ಸಿನಿಂದ ಗಾಡಿಯ ಎಲ್ಲಪ್ಪ ಇಳಿದು ಬಂದ. ತಲೆಯ ವಸ್ತ್ರ ಕೈಯಲ್ಲಿತ್ತು.

"ಐನೋರೆ, ಚೆನ್ನಕೇಶವಣ್ಣ ಓಗ್ಬುಟ್ರು" ಎಂದ.

ನನಗೆ ನಗು ಬಂತು. "ಈ ಸಲ ಪೆಟ್ಟಿಗೆ ಎಲ್ಲಿ ಎಲ್ಲಪ್ಪ?" ಎಂದು ಕೇಳಿದೆ.

ಎಲ್ಲಪ್ಪನೂ ನಗಲು ಹೋದ. ಬಾಯಿ ನಗುವಿಗೆಂದೇ ತೆರೆಯಿತು, ಆದರೆ ಬಂದದ್ದು ಅಳು. "ಈ ಸಲ ಪೆಟ್ಟಿಗೆ ಇಲ್ಲ ಐನೋರೆ. ಕಡಯಂಪಟ್ಟೀಲಿ, ಬೀಗರ ಜಗುಲಿ ಮ್ಯಾಗೆ, ಮಜ್ಜಿಗೆ ಕುಡ್ದು ಚೊಂಬು ಕೆಳಗಿಟ್ಟೋರು ಅಂಗೇ ಒರಗ್ಬುಟ್ರು."

ಒಳಗಿನಿಂದ ನನ್ನ ಹೆಂಡತಿ ಸಿದ್ದಲಕ್ಷ್ಮಮ್ಮ ಬಂದಳು. ಸತ್ತವನ ಒಡಹುಟ್ಟಿದ ಅಕ್ಕ. "ನೀನು ಮೊಕ ನೋಡ್ದ್ಯಾ? ಸರಿಯಾಗಿ ನೋಡ್ದ್ಯಾ? ನಿಂಗೆ ಹಲ್ಲು ನೋವಿಲ್ಲ ತಾನೆ?" ಎಂದು ಕೇಳಿದಳು. ಪಕ್ಕದ ಮನೆಯ ದೊಡ್ಡಮುನಿಯಮ್ಮ, ಊರಿನ ಯಾವ ಸಾವಿನಲ್ಲೂ ಮೊದಲ ದನಿ ತೆಗೆಯುವವಳು, ಸೆರಗನ್ನು ಸೊಂಟಕ್ಕೆ ಬಿಗಿದು ಬಾಗಿಲಲ್ಲೇ ನಿಂತುಬಿಟ್ಟಳು. "ಒಂದ್ಸಲ ಅತ್ತು ಮೋಸ ಓಗಿವ್ನಿ. ಮೊಕ ನೋಡಗಂಟ ನಾ ಬಾಯಿ ತೆಗ್ಯಾಕಿಲ್ಲ" ಎಂದಳು.

ಸಾವಿನ ಮನೆಯಲ್ಲಿ ಹೀಗೆ ಮಾತಾಡುವವರುಂಟೆ ಎಂದು ಓದುವವರಿಗೆ ಅನ್ನಿಸಬಹುದು. ಅದಕ್ಕೆ ನನ್ನ ಮಗಳ ಮದುವೆಯ ಕಥೆಯನ್ನು ಹೇಳಬೇಕು. ಹೇಳಿದರೆ ನನ್ನ ಎದೆಯೂ ಸ್ವಲ್ಪ ಹಗುರಾಗುತ್ತದೆ. ಹಗುರಾಗುವುದು ಒಳ್ಳೆಯದೆಂದು ನನಗೆ ಕಲಿಸಿದವನೂ ಅವನೇ.

ಚೆನ್ನಕೇಶವನದು ಹುಣಸೆಹಣ್ಣಿನ ಮಂಡಿ. ಬುಟ್ಟಿಯನ್ನು ಒಂದು ಕೈಯಲ್ಲಿ ಎತ್ತಿ, ಒಳಗೆ ಹಣ್ಣೆಷ್ಟು, ಸಿಪ್ಪೆಯೆಷ್ಟು ಎಂದು ಹೇಳುವವನು. ಅದರಲ್ಲಿ ಅವನು ತಪ್ಪುತ್ತಿರಲಿಲ್ಲ. ತಪ್ಪುತ್ತಿದ್ದದ್ದು ಮಿಕ್ಕ ಎಲ್ಲದರಲ್ಲಿ. ಏಕೆಂದರೆ ಲೋಕದಲ್ಲಿರುವ ಸಕಲ ವಸ್ತುವನ್ನೂ ಅವನು ಹುಣಸೆಹಣ್ಣಿನ ಹಾಗೆಯೇ ಎತ್ತಿ ನೋಡುತ್ತಿದ್ದ. ನಾಮಕರಣಕ್ಕೆ ಹೋದರೆ ಕೂಸನ್ನು ಕೈಯಲ್ಲಿ ತೂಗಿ, "ಸರಕು ಪರವಾಗಿಲ್ಲ" ಎನ್ನುತ್ತಿದ್ದ. ಪಂಚಾಂಗ ಕೊಳ್ಳುವಾಗಲೂ ಭಾರವಾದದ್ದನ್ನೇ ಆರಿಸುತ್ತಿದ್ದ. ಒಮ್ಮೆ ಹಾಗೆ ಆರಿಸಿ ತಂದದ್ದು ಹಿಂದಿನ ವರ್ಷದ್ದು. ಮಳೆಯಲ್ಲಿ ನೆನೆದು ಭಾರವಾಗಿತ್ತು. ಆ ವರ್ಷವೆಲ್ಲ ಅವನ ಮನೆಯಲ್ಲಿ ಏಕಾದಶಿ ಬೇರೆ ದಿನ ಬಂತು.

ಅವನ ತಾಯಿ, ನನ್ನ ಅತ್ತೆ ಗಂಗಲಕ್ಷ್ಮಮ್ಮನವರು, ನಮ್ಮ ಬೀದಿಯಲ್ಲೇ ಅವನ ಜೊತೆಯಲ್ಲಿ ಇದ್ದರು. ಒಂದು ವಿಷಮಜ್ವರದ ನಂತರ ಅವರ ಕಿವಿ ಮಂದವಾಗಿ, ಬರಬರುತ್ತ ಪೂರಾ ನಿಂತುಹೋಗಿತ್ತು. ಹಿಂದೆ ಊರಿನ ಯಾವ ಮದುವೆಯಲ್ಲೂ ಸೋಬಾನೆ ಪದಕ್ಕೆ ಮೊದಲ ಸೊಲ್ಲು ಅವರದು. ಈಗ ಯಾರೋ ತಮ್ಮ ಮನೆಯ ಸಾವನ್ನು ಹೇಳಿಕೊಂಡರೆ, ಬಾಯಿ ನೋಡಿ ಏನೋ ಊಹಿಸಿ, "ಸಂತೋಷ ಕಣವ್ವ, ಅಂಗೇ ವರ್ಸಾ ವರ್ಸಾ ನಡೀಲಿ" ಎಂದುಬಿಡುತ್ತಿದ್ದರು. ಜನ ನಕ್ಕರು. ಒಂದೆರಡು ಸಲ ನಕ್ಕ ಮೇಲೆ ಅತ್ತೆ ನಾಲ್ಕು ಜನ ಸೇರುವ ಕಡೆಗೆ ಹೋಗುವುದನ್ನೇ ಬಿಟ್ಟರು.

ನನ್ನ ಮಗಳು ರಾಜಾತಿಗೆ ಕಡಯಂಪಟ್ಟಿಯ ದೊಡ್ಡಣ್ಣನವರ ಮಗನೊಡನೆ ಮದುವೆ ಗೊತ್ತಾಯಿತು. ಮೇಟ್ಟೂರು ಅಣೆಕಟ್ಟಿನ ಕೆಲಸ ಮುಗಿದು ಎರಡು ಮೂರು ವರ್ಷವಾಗಿದ್ದಿರಬೇಕು. ಅತ್ತೆ ಮಾತ್ರ ಒಂದೇ ಹಟ ಹಿಡಿದರು.

"ನಾ ಚಪ್ಪರಕ್ಕೆ ಬರಾಕಿಲ್ಲ. ಎಲ್ರೂ ಮೀನಂಗೆ ಬಾಯಾಡಿಸ್ತಾರೆ, ನಗಬೇಕೋ ಅಳಬೇಕೋ ತಿಳ್ಯಾಕಿಲ್ಲ. ವಾಲಗ ಕೇಳ್ದಿರೋ ಮದ್ವೆ ನಂಗ್ಯಾತಕ್ಕೆ? ಉಗ್ರಾಣದಾಗೆ ಕುಂತ್ಕಂಡು ಎಲೆ ಒರಸ್ತೀನಿ."

ಚೆನ್ನಕೇಶವ ಎದ್ದು ನಿಂತ. ಅವನು ಎದ್ದು ನಿಂತರೆ ನಮಗೆಲ್ಲ ಭಯ.

"ಅಕ್ಕಾ, ರಾಜಾತಿ ಮದ್ವೆ ವಾಲಗ ಅವ್ವನ ಕಿವೀಗೆ ಬೀಳಂಗೆ ಮಾಡ್ತೀನಿ. ಮಾಡ್ದಿದ್ರೆ ಮೀಸೆ ಬೋಳಿಸ್ಕತೀನಿ."

"ನಿಂಗೆ ಮೀಸೆ ಎಲ್ಲೈತೆ?" ಎಂದಳು ನನ್ನ ಹೆಂಡತಿ.

"ಬೆಳಸ್ಕಂಡು ಬೋಳಿಸ್ಕತೀನಿ!"

ಸೇಲಂ ಪಟ್ಟಣದಲ್ಲಿ ಆಗ ಸಭೆಗಳಿಗೆ ಧ್ವನಿವರ್ಧಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದು ಹೊಸದಾಗಿ ಬಂದಿತ್ತು. ಮಾತಾಡುವವನ ದನಿಯನ್ನು, ವಾಲ್ವು ಎಂಬ ಗಾಜಿನ ಬುರುಡೆಗಳ ಯಂತ್ರವೊಂದು ಹಿಡಿದು, ಬಲಪಡಿಸಿ, ತಂತಿಯ ಮೂಲಕ ಕೂಗುವ ಪೆಟ್ಟಿಗೆಗೆ ಕೊಡುತ್ತದೆ. ಪೆಟ್ಟಿಗೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಹುಣಸೆಹಣ್ಣು ಹೇರಿದ ಎಲ್ಲಪ್ಪನ ಗಾಡಿಯಲ್ಲಿ ಚೆನ್ನಕೇಶವ ಸೇಲಂಗೆ ಹೋದ. ಅಂಗಡಿಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಎಲ್ಲಪ್ಪ ಆಮೇಲೆ ಹೇಳಿದ್ದು.

ಅಂಗಡಿಯ ಯಜಮಾನ ರಾಜಗೋಪಾಲ್ ಕೋಟು ತೊಟ್ಟವರು, ಮರ್ಯಾದಸ್ಥರು. ಗಾಜಿನ ಬುರುಡೆಗಳಿದ್ದ ಸಣ್ಣ ಯಂತ್ರವನ್ನು ತೋರಿಸಿದರು. ಅದಕ್ಕೆ ಜೊತೆಯಾಗಿ ತಗಡಿನ ತುತ್ತೂರಿಯೊಂದನ್ನು ಎದುರಿಗಿಟ್ಟರು. ಚೆನ್ನಕೇಶವ ತುತ್ತೂರಿಯನ್ನು ಒಂದು ಕೈಯಲ್ಲಿ ಎತ್ತಿದ, ಮುಖ ಸಿಂಡರಿಸಿದ, ಕೆಳಗಿಟ್ಟ. ಮೂಲೆಯಲ್ಲಿ ಆಳುದ್ದದ ತೇಗದ ಪೆಟ್ಟಿಗೆಯೊಂದಿತ್ತು. ಅದನ್ನು ಎತ್ತಲು ಹೋದ; ಅದು ಅಲುಗಲಿಲ್ಲ. ಅವನ ಮುಖ ಅರಳಿತು.

"ಇದು ಸರಕು!" ಎಂದ.

"ವೇಂಡಾಂ ಅಣ್ಣೇ, ಬೇಡ" ಎಂದರು ರಾಜಗೋಪಾಲ್. "ಆ ಪೆಟ್ಟಿಗೆಗೆ ದೊಡ್ಡ ಯಂತ್ರ ಬೇಕು, ಅದು ಮೀಟಿಂಗಿಗೆ ಹೋಗಿದೆ. ಈ ಯಂತ್ರಕ್ಕೆ ಬಲ ಕಮ್ಮಿ. ಪೆಟ್ಟಿಗೆಯ ಎದೆ ಭಾರ, ಅಲುಗಿಸೋಕೆ ಇದರ ಕೈಲಿ ಆಗೋದಿಲ್ಲ. ಈ ತುತ್ತೂರೀನ ನೋಡಿ. ಒಳಗೆ ಒಂದೇ ಒಂದು ಕಾಗದದ ಗಂಟಲು, ವೀಳ್ಯದೆಲೆಯಷ್ಟು ಹಗುರ. ಉಸಿರು ತಾಕಿದರೂ ಕೂಗ್ತದೆ. ಬಲ ಇಲ್ಲದ ಯಂತ್ರಕ್ಕೆ ಹಗುರಾದ ಗಂಟಲೇ ಜೋಡಿ."

"ಅಗುರ ಅಂದ್ರೆ ಒಳಗೆ ಹಣ್ಣಿಲ್ಲ, ಬರೀ ಸಿಪ್ಪೆ ಅಂತ ಅರ್ಥ. ನಂಗೆ ವ್ಯಾಪಾರ ಏಳ್ಕೊಡ್ತೀರಾ ಸಾಮಿ? ನಮ್ಮಕ್ಕನ ಮಗಳ ಮದ್ವೆ. ಬೀಗರು ಮೀಸೆ ಇರೋರು. ಅವರ ಮುಂದೆ ಈ ಎಣ್ಣೆ ಬಿಡೋ ಆಲಿಕೇನ ಇಡ್ಲಾ?"

ರಾಜಗೋಪಾಲ್ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರು ಪೆಟ್ಟಿಗೆಯನ್ನೂ ಕೊಟ್ಟು, ತುತ್ತೂರಿಯನ್ನೂ ಗಾಡಿಯೊಳಗೆ ಇಡಿಸಿ, "ಇರಲಿ ಅಣ್ಣೇ, ಜೊತೇಲಿ ಇರಲಿ" ಎಂದರಂತೆ. ತಂತಿ ಎಲ್ಲಿ ಸಿಕ್ಕಿಸುವುದು, ದೀಪ ಹೇಗೆ ಹೊತ್ತಿಸುವುದು ಎಂದು ತೋರಿಸಿದರಂತೆ. ಆ ಪುಣ್ಯಾತ್ಮರಿಗೆ ದೇವರು ಒಳ್ಳೆಯದು ಮಾಡಲಿ.

ಚಪ್ಪರ ಹಾಕಿದ ದಿನ ಮಧ್ಯಾಹ್ನ. ಬೀಗರ ಕಡೆಯವರು ಬಂದಿಳಿದು ಪಾನಕ ಕುಡಿಯುತ್ತಿದ್ದರು. ಆಗ ಬೀದಿಯ ಕೊನೆಯಲ್ಲಿ ಎಲ್ಲಪ್ಪನ ಗಾಡಿ ಕಾಣಿಸಿತು.

ಆ ಗಾಡಿಯನ್ನು ಇದ್ದಂತೆ ವರ್ಣಿಸುತ್ತೇನೆ. ತೇಗದ ಪೆಟ್ಟಿಗೆಗೆ ಧೂಳು ತಾಗಬಾರದೆಂದು ಚೆನ್ನಕೇಶವ ಅದರ ಮೇಲೆ ಬಿಳಿಯ ಪಂಚೆ ಹೊದಿಸಿದ್ದ. ಮದುವೆಗೆಂದು ಸೇಲಂನಲ್ಲಿ ಕೊಂಡ ಹೂವಿನ ಹಾರಗಳು ಬಾಡದಿರಲೆಂದು ಅವನ್ನು ಪಂಚೆಯ ಮೇಲೆ ಹಾಸಿ ನೀರು ಚಿಮುಕಿಸಿದ್ದ. ಪುರಿಯ ಮೂಟೆಯೊಂದು ತೊಪ್ಪೂರು ಕಣಿವೆಯಲ್ಲಿ ಎಲ್ಲೋ ಗೀಚಿ ತೂತಾಗಿ, ಗಾಡಿಯ ಹಿಂದೆ ದಾರಿಯುದ್ದಕ್ಕೂ ಪುರಿ ಉದುರುತ್ತಿತ್ತು. ನಮ್ಮ ಕಡೆ ಹೆಣದ ಮುಂದೆ ಪುರಿ ಎರಚುವ ಪದ್ಧತಿ ಎಲ್ಲರಿಗೂ ಗೊತ್ತು. ಎತ್ತುಗಳ ಮುಂದೆ ಎಲ್ಲಪ್ಪ ತಲೆ ತಗ್ಗಿಸಿ ನಡೆದು ಬರುತ್ತಿದ್ದ. ಅವನಿಗೆ ದಾರಿಯಲ್ಲಿ ದವಡೆ ಹಲ್ಲು ನೋವು ಹಿಡಿದು, ಕೆನ್ನೆಯಿಂದ ನೆತ್ತಿಗೆ ವಸ್ತ್ರ ಬಿಗಿದು ಕಟ್ಟಿದ್ದ. ಬಾಯಿ ತೆರೆಯುವಂತಿರಲಿಲ್ಲ. ಕಣ್ಣಿನಲ್ಲಿ ಧಾರಾಕಾರ ನೀರು.

ದೊಡ್ಡಮುನಿಯಮ್ಮ ಓಡಿಹೋದಳು. "ಎಲ್ಲಪ್ಪಾ, ನಮ್ಮ ಚೆನ್ನಕೇಶವ ಎಲ್ಲಿ?"

ಎಲ್ಲಪ್ಪ ಬಾಯಿ ತೆರೆಯದೆ ಕೈಯನ್ನು ಹಿಂದಕ್ಕೆ ತೋರಿಸಿದ. ಚೆನ್ನಕೇಶವ ಊರ ಹೊರಗಿನ ಬಾವಿಯಲ್ಲಿ ಸ್ನಾನ ಮಾಡಿ, ಮಡಿಯುಟ್ಟು, ಠೀವಿಯಿಂದ ಹಿಂದೆ ಬರುತ್ತಾನೆ ಎಂದು ಅದರ ಅರ್ಥ. ಆದರೆ ಆ ಬೆರಳು ನೇರವಾಗಿ ಪೆಟ್ಟಿಗೆಯ ಮೇಲೆ ನಿಂತಿತು.

ದೊಡ್ಡಮುನಿಯಮ್ಮ ಮೊದಲ ದನಿ ತೆಗೆದಳು. ಅವಳ ದನಿಗೆ ಬೀದಿಯೇ ದನಿಗೂಡಿಸಿತು. "ಹುಣಸೆ ತೂಗೋ ಕೈಯೇ, ನಿನ್ನನ್ನೇ ತೂಗಿದನೇ ಆ ಯಮ" ಎಂದು ಅವಳು ಆ ಕ್ಷಣದಲ್ಲಿ ಕಟ್ಟಿ ಹಾಡಿದ ಪದ ಈಗಲೂ ನನ್ನ ಕಿವಿಯಲ್ಲಿದೆ. ನನ್ನ ಹೆಂಡತಿ ಚಪ್ಪರದ ಕಂಬ ಹಿಡಿದು ಕುಸಿದಳು. ನಾನೂ ಅತ್ತುಬಿಟ್ಟೆ. ಪಾನಕದ ಲೋಟ ಕೈಯಲ್ಲಿ ಹಿಡಿದೇ ಅಳುತ್ತಿದ್ದೆ.

ಉಗ್ರಾಣದಿಂದ ಅತ್ತೆಯವರು ಹೊರಗೆ ಬಂದು, ಬಾಯಿ ಬಡಿದುಕೊಳ್ಳುತ್ತಿರುವ ಹೆಂಗಸರನ್ನು ನೋಡಿ, "ಸೋಬಾನೆ ಇಷ್ಟು ಬಿರ್ನೆ ಸುರು ಮಾಡ್ಬುಟ್ರಾ?" ಎಂದು ಕೇಳಿದರು. ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅಷ್ಟು ಹೊತ್ತಿಗೆ ಚೆನ್ನಕೇಶವ ಬಂದ. ಹಣೆಗೆ ಗಂಧ, ಮೈಮೇಲೆ ಜರಿಯ ಉತ್ತರೀಯ. ಊರೆಲ್ಲ ಅಳುತ್ತಿರುವುದನ್ನು ಕಂಡು ಅಲ್ಲೇ ನಿಂತ. ಮದುವೆಮನೆ ಅಳಬೇಕಾದರೆ ಸತ್ತವರು ಯಾರು? ವಯಸ್ಸಾದವರು ಮನೆಯಲ್ಲಿ ಒಬ್ಬರೇ.

"ಅಯ್ಯೋ ಅವ್ವಾ! ವಾಲಗ ಕೇಳ್ದಂಗೇ ಓದ್ಯಾ!" ಎಂದು ಕೂಗಿ, ಜರಿಯ ಉತ್ತರೀಯದ ಸಮೇತ ನೆಲಕ್ಕೆ ಬಿದ್ದು ಹೊರಳಾಡಿದ.

ದುಃಖದಲ್ಲಿ ಮನುಷ್ಯ ಏನನ್ನೂ ನೋಡುವುದಿಲ್ಲ. ಅವನು ಬಂದು ನಮ್ಮ ನಡುವೆ ಬಿದ್ದು ಅಳುತ್ತಿದ್ದರೂ ಯಾರೂ ಗಮನಿಸಲಿಲ್ಲ. ದೊಡ್ಡಮುನಿಯಮ್ಮ ಅವನ ಬೆನ್ನು ಸವರಿ, "ಅಳಬ್ಯಾಡ ಕಣಪ್ಪ, ಅವನ ಋಣ ಅಷ್ಟೇ ಇತ್ತು" ಎಂದು ಸಮಾಧಾನವನ್ನೂ ಹೇಳಿದಳು. ಕೊನೆಗೆ ಅತ್ತೆಯವರೇ ಅವನ ಭುಜ ತಟ್ಟಿ, "ಸತ್ತೋರು ಯಾರ್ಲಾ?" ಎಂದು ಕೇಳಿದರು.

ಅವನು ತಲೆಯೆತ್ತಿ ತಾಯಿಯನ್ನು ನೋಡಿದ. ನಾವು ಅವನನ್ನು ನೋಡಿದೆವು. ದೊಡ್ಡಮುನಿಯಮ್ಮ ತಾನು ಸವರುತ್ತಿದ್ದ ಬೆನ್ನು ಯಾರದೆಂದು ನೋಡಿ ಚೀರಿದಳು.

ಪುರೋಹಿತರು ಒಳ್ಳೆಯವರು. ಬದುಕಿರುವವನಿಗೆ ಅತ್ತರೆ ಅವನ ಆಯುಸ್ಸು ಬೆಳೆಯುತ್ತದೆ, ದೋಷವಿಲ್ಲ ಎಂದು ಪುಣ್ಯಾಹ ಚಿಮುಕಿಸಿದರು. ಆದರೆ ಬೀಗರಾದ ದೊಡ್ಡಣ್ಣನವರು ಕದಲಲಿಲ್ಲ. ಅವರಿಗಿದ್ದ ಮೀಸೆ ಹೋಬಳಿಗೇ ಒಂದು. ಅದನ್ನು ಎರಡೂ ಕಡೆಗೆ ತಿರುವಿ ಅವರು ತೀರ್ಪು ಕೊಟ್ಟರು:

"ಬೀಗರೆ, ನಾ ಶಕುನ ನೋಡೋ ಮನ್ಸ. ಮದ್ವೆ ಮನೀಗೆ ಹೆಣದಂಗೆ ಒಂದು ಪೆಟ್ಟಿಗೆ ಬಂದೈತೆ. ಹುಡುಗೀ ಸೋದರಮಾವ ಅದು ಮಾತಾಡೋ ಪೆಟ್ಟಿಗೆ ಅಂತಾನೆ. ಮಾತಾಡ್ತೋ, ಅದು ಮಂಗಳದ ಪೆಟ್ಟಿಗೆ, ತಾಳಿ ಕಟ್ಟಿಸ್ತೀನಿ. ಮಾತಾಡ್ಲಿಲ್ವಾ, ಅದು ಹೆಣದ ಪೆಟ್ಟಿಗೇನೆ. ಅದು ಬಂದ ಮನೆ ಹೆಣ್ಣು ನಮಗೆ ಬ್ಯಾಡ. ಗಾಡಿ ಕಟ್ಟಿಸ್ತೀನಿ."

ನನ್ನ ಮಗಳು ಬಾಗಿಲ ಸಂದಿಯಿಂದ ಇದನ್ನು ಕೇಳಿದಳು. ಕೈಗೆ ಹಚ್ಚಿದ ಅರಿಶಿನ ಇನ್ನೂ ಒಣಗಿರಲಿಲ್ಲ.

ಚೆನ್ನಕೇಶವ ಯಂತ್ರವನ್ನು ಬೀದಿಯ ಕಡೆಗೆ ಕಿಟಕಿ ಇರುವ ಕೋಣೆಯಲ್ಲಿಟ್ಟ. ಬ್ಯಾಟರಿಗಳನ್ನು ಜೋಡಿಸಿದ. ತಂತಿಯನ್ನು ಹೊರಗೆ ಎಳೆದು ಚಪ್ಪರದ ನಡುವೆ ನಿಲ್ಲಿಸಿದ್ದ ಪೆಟ್ಟಿಗೆಗೆ ಸಿಕ್ಕಿಸಿದ. ಗಾಜಿನ ಬುರುಡೆಗಳಲ್ಲಿ ಸಣ್ಣಗೆ ಕೆಂಪು ಬೆಳಕು ಹುಟ್ಟಿತು. ಕಿಟಕಿಯಿಂದ ನೋಡುತ್ತಿದ್ದ ಹೆಂಗಸರು ಕೈಮುಗಿದರು. ದೊಡ್ಡಮುನಿಯಮ್ಮ ಒಳಗೆ ಬಂದು ದೊಡ್ಡ ಬುರುಡೆಗೆ ಕುಂಕುಮವಿಡಲು ಹೋಗಿ ಬೆರಳು ಸುಟ್ಟುಕೊಂಡು, "ಸತ್ಯವಂತ ದೇವರು" ಎಂದಳು.

ಚೆನ್ನಕೇಶವ ಮೈಕಿಗೆ ಬಾಯಿಟ್ಟು ಎದೆಯುಬ್ಬಿಸಿ, "ಅವ್ವಾ!" ಎಂದು ಕೂಗಿದ.

ಪೆಟ್ಟಿಗೆಯಿಂದ, ಹರವಿಯೊಳಗೆ ಸಿಕ್ಕಿಬಿದ್ದ ಸೊಳ್ಳೆಯ ದನಿಯಂಥ ಒಂದು ದನಿ ಬಂತು. ಅತ್ತೆಯವರು ಪೆಟ್ಟಿಗೆಯನ್ನೇ ನೋಡುತ್ತ, ಅದು ಯಾವಾಗ ಮಾತಾಡುತ್ತದೆಂದು ಕಾಯುತ್ತ ಕುಳಿತಿದ್ದರು.

ಊರಿನ ಮಣಿಯಗಾರ ಮುನುಸ್ವಾಮಿ, ಸರಕಾರದ ಕಡೆಯಿಂದ ಊರು ನೋಡಿಕೊಳ್ಳುವವರು, ಎದ್ದು ಬಂದು ಪೆಟ್ಟಿಗೆಗೆ ಕಿವಿಯಿಟ್ಟರು. ಅವರ ಮುಖ ಬಿಳಿಚಿಕೊಂಡಿತು.

"ಒಳಗೆ ಯಾರೋ ನರಳ್ತಾವ್ರೆ" ಎಂದರು.

ದೊಡ್ಡಣ್ಣನವರೂ ಕಿವಿಯಿಟ್ಟರು. "ಹೂಂ. ಅವ್ವಾ ಅವ್ವಾ ಅಂತಾವ್ನೆ. ಪಾಪ, ಇನ್ನೂ ಜೀವ ಐತೆ."

"ಅದು ನಮ್ಮ ಚೆನ್ನಕೇಶವನದೇ ದನಿ" ಎಂದು ನಾನು ವಿವರಿಸಲು ಹೋದೆ.

"ಚೆನ್ನಕೇಶವ ಒಳಗವ್ನೆ ಅಂದ್ರೆ ಹೊರಗೆ ಓಡಾಡ್ತಿರೋನು ಯಾರು?" ಎಂದು ಯಾರೋ ಹಿಂದಿನಿಂದ ಕೇಳಿದರು. ಮಕ್ಕಳನ್ನು ತಾಯಂದಿರು ಒಳಗೆ ಎಳೆದುಕೊಂಡರು.

ಮುನುಸ್ವಾಮಿಗೆ ಅಧಿಕಾರ ನೆನಪಾದರೆ ತಮಿಳು ಬರುತ್ತಿತ್ತು. "ಯಾರುಂ ತೊಡಕ್ಕೂಡಾದು! ಯಾರೂ ಮುಟ್ಟಬ್ಯಾಡಿ! ಸರ್ಕಾರದ ಸಮಕ್ಷಮದಾಗೆ ತೆಗೀಬೇಕು" ಎಂದರು. ಸರಕಾರ ತಾವೇ ಆದ್ದರಿಂದ ತಡಮಾಡದೆ ಹಾರೆ ತರಿಸಿ ಪೆಟ್ಟಿಗೆಯ ಬೆನ್ನು ಕೀಳಿಸಿದರು. ಒಳಗೆ ಒಂದು ದೊಡ್ಡ ಕಬ್ಬಿಣದ ಗುಂಡು, ಒಂದು ದಪ್ಪ ಕಾಗದದ ಬೋಗುಣಿ. ಮಿಕ್ಕದ್ದೆಲ್ಲ ಗಾಳಿ. ಹಾರೆಯ ಏಟಿಗೆ ತಂತಿ ಕಿತ್ತುಹೋಗಿ ಆ ಸೊಳ್ಳೆಯೂ ಸತ್ತಿತು.

ಚೆನ್ನಕೇಶವ ಯಂತ್ರದ ದೀಪ ಆರಿಸಿದ. ಯಾರ ಮುಖವನ್ನೂ ನೋಡದೆ ಕೋಣೆಯ ಬಾಗಿಲು ಹಾಕಿಕೊಂಡ. ದೊಡ್ಡಣ್ಣನವರು ಎದ್ದು ಮೇಲುವಸ್ತ್ರ ಕೊಡವಿ, "ಎತ್ತು ಕಟ್ರಲಾ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ. ಮಾದಪ್ಪನ ಬೆಟ್ಟದ ಕಡೆಗೆ ಮುಖ ಮಾಡಿ ಮನಸ್ಸಿನಲ್ಲೇ ಮೊರೆಯಿಟ್ಟದ್ದು ಮಾತ್ರ ನೆನಪಿದೆ. ಮಹದೇಶ್ವರ, ಈ ಹೆಣ್ಣುಮಗುವಿನ ಅರಿಶಿನ ಕಾಯಿ ಎಂದೆ.

ಇತ್ತ ನನ್ನ ಹೆಂಡತಿ ಅಡಿಗೆಯ ಕಡೆಗೆ ಹೋಗಿದ್ದಳು. ಅಲ್ಲಿ ಅಡಿಗೆಯವರು ಎಣ್ಣೆಯ ಡಬ್ಬದಿಂದ ಕೊಡಕ್ಕೆ ಎಣ್ಣೆ ಸುರಿಯುತ್ತಿದ್ದರು. ಅವರು ಆಲಿಕೆ ಮಾಡಿಕೊಂಡಿದ್ದದ್ದು ಗಾಡಿಯಲ್ಲಿ ಬಂದಿದ್ದ ರಾಜಗೋಪಾಲರ ತುತ್ತೂರಿಯನ್ನು. ಅದರ ಬುಡದ ಕಾಗದದ ಗಂಟಲನ್ನು ಬಿಚ್ಚಿ, ಕೈಗೆ ಸಿಗಲೆಂದು ಉಪ್ಪಿನ ಮಡಕೆಯ ಮುಚ್ಚಳದ ಮೇಲೆ ಇಟ್ಟಿದ್ದರು. ಎರಡನ್ನೂ ಕಸಿದುಕೊಂಡು, ಸೆರಗಿನಿಂದ ಒರೆಸಿಕೊಂಡು, ಅವಳು ಕೋಣೆಗೆ ಹೋಗಿ ತಮ್ಮನ ತೊಡೆಯ ಮೇಲೆ ಹಾಕಿದಳಂತೆ.

"ಅಂಗಡಿಯೋರು ಇದನ್ನ ಕೊಟ್ರು ತಾನೆ? ಕಟ್ಲಾ ಇದನ್ನ!"

"ಇದಾ? ಎತ್ತಿ ನೋಡಕ್ಕ. ತೂಕಾನೇ ಇಲ್ಲ."

"ನಿನ್ನ ತಲೇಗೂ ತೂಕ ಇಲ್ಲ. ಅದು ಮಾತಾಡ್ತಾ ಇಲ್ವಾ? ಕಟ್ಟು!"

ಅಕ್ಕನ ಮಾತಿಗೆ ಹೆದರಿ ಅವನು ಗಂಟಲನ್ನು ತಿರುಗಿಸಿ ಬಿಗಿದು, ತಂತಿ ಸಿಕ್ಕಿಸಿ, ಇಡಲು ಬೇರೆ ಜಾಗವಿಲ್ಲದೆ ತುತ್ತೂರಿಯ ಬಾಯಿಯನ್ನು ಹೊರಕ್ಕೆ ಮಾಡಿ ಕಿಟಕಿಯಲ್ಲಿಟ್ಟ. ದೀಪ ಹೊತ್ತಿಸಿದ. ಮೈಕನ್ನು ಮಡಿಲಲ್ಲಿ ಹಿಡಿದು "ಅವ್ವಾ" ಎಂದ. ಏನೂ ಬರಲಿಲ್ಲ. ಆರಿದ ಬುರುಡೆಗಳು ಮತ್ತೆ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕೆಂಬುದನ್ನು ರಾಜಗೋಪಾಲ್ ಹೇಳಿದ್ದರು, ಅವನು ಮರೆತಿದ್ದ. ಇದೂ ಸತ್ತಿತು ಎಂದುಕೊಂಡು, ಅಕ್ಕನ ಮುಂದೆ ತನ್ನ ಸಂಕಟವನ್ನೆಲ್ಲ ತೋಡಿಕೊಳ್ಳತೊಡಗಿದ.

ಇದೊಂದೂ ಚಪ್ಪರದಲ್ಲಿದ್ದ ನಮಗೆ ತಿಳಿಯದು. ನಮಗೆ ತಿಳಿದದ್ದು ಇಷ್ಟೇ: ದೊಡ್ಡಣ್ಣನವರು ನನ್ನ ಕೈ ಬಿಡಿಸಿಕೊಂಡು ಗಾಡಿಯ ಮೇಲೆ ಒಂದು ಕಾಲಿಟ್ಟರು, ಆ ಕ್ಷಣಕ್ಕೆ ನಮ್ಮ ಮನೆಯ ಕಿಟಕಿ ಗುಡುಗಿನಂತೆ ಮಾತಾಡಿತು.

"ಮೀಸೆ ನೋಡ್ದ್ಯಾ ಅಕ್ಕ ಆ ದೊಡ್ಡಣ್ಣಂದು! ಎರಡು ಅಳಿಲು ಜಗಳ ಆಡ್ಕಂಡು ಆ ಕಡೆಗೊಂದು ಈ ಕಡೆಗೊಂದು ಮಕ ತಿರುಗಿಸ್ಕಂಡು ಕುಂತಂಗೈತೆ!"

ಎತ್ತುಗಳು ಬೆದರಿ ಹಿಂದಕ್ಕೆ ಸರಿದವು. ಮರದ ಮೇಲಿನ ಕಾಗೆಗಳೆಲ್ಲ ಹಾರಿದವು. ಹಲ್ಲು ನೋವಿನಿಂದ ಮಲಗಿದ್ದ ಎಲ್ಲಪ್ಪ ಎದ್ದು ಕುಳಿತ. ದೊಡ್ಡಣ್ಣನವರ ಒಂದು ಕಾಲು ಗಾಡಿಯ ಮೇಲೆ, ಒಂದು ನೆಲದ ಮೇಲೆ, ಒಂದು ಕೈ ಮೀಸೆಯ ಮೇಲೆ ನಿಂತಿತು.

"ಮಣಿಯಗಾರನಂತೆ ಮಣಿಯಗಾರ! ಮೊನ್ನೆ ನಮ್ಮ ಮಂಡೀಗೆ ಬಂದು, ರುಚಿ ನೋಡ್ತೀನಿ ಅಂತ ಅರ್ಧ ಬುಟ್ಟಿ ಹುಣಸೆಹಣ್ಣು ಚೀಪ್ಬುಟ್ಟು ಓದ. ಬಾವ ಏನು ಕಮ್ಮಿನಾ? ಊರಿಗೆಲ್ಲ ಬುದ್ಧಿ ಹೇಳೋ ಐನೋರು, ಬೀಗರ ಮುಂದೆ ಬೆಕ್ಕಿನ ಮರಿ!"

ಜನ ನಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮುನುಸ್ವಾಮಿ ಏನೋ ಕೆಲಸವಿದ್ದವರಂತೆ ಕಂಬದ ಹಿಂದಕ್ಕೆ ಹೋದರು. ನಾನು ಒಳಗೆ ಓಡಿಹೋಗಿ ಅವನ ಬಾಯಿ ಮುಚ್ಚಿಸಬೇಕೆಂದು ಎದ್ದೆ. ಅಷ್ಟರಲ್ಲಿ ಕಿಟಕಿಯ ದನಿ ಇಳಿಯಿತು. ಇಳಿದರೂ ಬೀದಿಯ ಆ ತುದಿಗೆ ಕೇಳುವಂತಿತ್ತು.

"ಇದೆಲ್ಲ ಓಗ್ಲಿ ಬುಡಕ್ಕ. ನಂಗೆ ಬೇಕಾಗಿದ್ದು ಒಂದೇ. ಸಂಜೆ ಮನೀಗೋದ್ರೆ ಅವ್ವ 'ಉಂಡ್ಯಾ ಮಗ' ಅಂತಾಳೆ. 'ಉಂಡೆ' ಅಂತೀನಿ. ಅವಳಿಗೆ ಕೇಳಾಕಿಲ್ಲ. ತಿರುಗಾ 'ಉಂಡ್ಯಾ' ಅಂತಾಳೆ. ತಲೆ ಆಡಿಸ್ತೀನಿ. ದಿನಾ ತಲೆ ಆಡಿಸ್ತೀನಿ. ನನ್ನ ದನಿ ಎಂಗಿತ್ತು ಅನ್ನೋದೇ ಅವಳಿಗೆ ಮರ್ತೋಗಿರಬೌದು ಕಣಕ್ಕ. 'ಉಂಡೆ ಅವ್ವಾ' ಅಂತ ನಾನಂದಿದ್ದು ಒಂದೇ ಒಂದು ಸಲ ಅವಳ ಕಿವೀಗ್ ಬಿದ್ದಿದ್ರೆ ಸಾಕಾಗಿತ್ತು."

ಅತ್ತೆಯವರು ಆಗಷ್ಟೇ ಉಗ್ರಾಣದಿಂದ ಬಂದು, ಕಿಟಕಿಯ ಕೆಳಗೆ, ಜಗುಲಿಯ ಮೇಲೆ ಕುಳಿತು ಬಾಳೆ ಎಲೆ ಒರೆಸತೊಡಗಿದ್ದರು. ಒರೆಸುವ ಕೈ ನಿಂತಿತು. ಅವರು ತಲೆಯೆತ್ತಿ, ತುತ್ತೂರಿಯ ಬಾಯಿಯನ್ನು ದಿಟ್ಟಿಸಿ, ಸಿಡುಕಿನಿಂದ ಹೇಳಿದರು:

"ಅದ್ಯಾಕ್ಲಾ ಚೆನ್ನ ಅಂಗೆ ಕಿರುಚ್ತೀಯ? ನಾನೇನು ಕಿವುಡೀನಾ? ಉಂಡಿದ್ರೆ ಎಲೆ ಎತ್ತಾಕು!"

ಒಳಗೆ ಏನೋ ಬಿದ್ದ ಸದ್ದು. ಅದೂ ಊರಿಗೆಲ್ಲ ಕೇಳಿಸಿತು. ಬಾಗಿಲು ತೆರೆಯಿತು. ಚೆನ್ನಕೇಶವ ಮೈಕನ್ನು ಕೈಯಲ್ಲಿ ಹಿಡಿದೇ ಹೊಸ್ತಿಲಿಗೆ ಬಂದು, ಬಾಯಿಗೆ ತಂದು, ಸಣ್ಣ ದನಿಯಲ್ಲಿ "ಅವ್ವಾ" ಎಂದ.

"ಏನ್ಲಾ?" ಎಂದರು ಅತ್ತೆ.

"ಅವ್ವಾ."

"ಏನ್ಲಾ ಅಂದ್ನಲ್ಲ! ನಿನಗೆ ಕಿವಿ ಕೇಳ್ಸಾಕಿಲ್ವಾ?"

ನಾನು ಆವತ್ತಿನವರೆಗೆ ಎಷ್ಟೋ ಪುರಾಣ ಕೇಳಿದ್ದೆ. ಮಾತಾಡಿಸಿದರೆ ಮಾತಾಡುವ ದೇವರ ಕಥೆಗಳನ್ನು ಕೇಳಿದ್ದೆ. ಅವೆಲ್ಲವನ್ನೂ ನಾನು ಪೂರ್ತಿಯಾಗಿ ನಂಬಿದ್ದು ಆ ಹೊತ್ತಿನಲ್ಲಿ. ಮೊದಲು ಬಿಕ್ಕಿದ್ದು ದೊಡ್ಡಮುನಿಯಮ್ಮ. ಅವಳ ಅಳುವಿಗೆ ಆ ದಿನ ಕೊನೆಗೂ ಒಂದು ಕಾರಣ ಸಿಕ್ಕಿತು. ಮೊದಲು ನಕ್ಕದ್ದು ದೊಡ್ಡಣ್ಣನವರ ಹೆಂಡತಿ. "ಅಳಿಲು!" ಎಂದು ಬಾಯಿಗೆ ಸೆರಗು ಒತ್ತಿಕೊಂಡು ಅವರು ನಕ್ಕ ನಗುವಿಗೆ ಇಡೀ ಚಪ್ಪರ ಅಲ್ಲಾಡಿತು. ಎಷ್ಟು ವರ್ಷದಿಂದ ತಡೆದಿಟ್ಟಿದ್ದರೋ.

ದೊಡ್ಡಣ್ಣನವರು ಗಾಡಿಯಿಂದ ಕಾಲು ತೆಗೆದರು. ಮೀಸೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಎತ್ತು ಬಿಚ್ರಲಾ" ಎಂದರು. "ಮಾತಾಡ್ಬೇಕು ಅಂದಿದ್ದೆ, ಮಾತಾಡ್ತು. ನನ್ನ ಮೀಸೆ ಮ್ಯಾಗೇ ಮಾತಾಡ್ತು. ಇದಕ್ಕಿಂತ ಬ್ಯಾರೆ ಶಕುನ ಬೇಕಾ?"

ಮಾರನೆಯ ಬೆಳಿಗ್ಗೆ ಮುಹೂರ್ತಕ್ಕೆ ಅತ್ತೆಯವರನ್ನು ತುತ್ತೂರಿಯ ಎದುರಿಗೆ ಕೂರಿಸಿದೆವು. ವಾಲಗದವರ ಮುಂದೆ ಚೆನ್ನಕೇಶವ ಮೈಕು ಹಿಡಿದು ನಿಂತ. ವಾಲಗ ಎದ್ದಾಗ ಅತ್ತೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಎಡಗಡೆಯೋನು ಕಳ್ಳ ಉಸಿರು ಊದ್ತಾವ್ನೆ" ಎಂದರು. ತಾಳಿ ಕಟ್ಟಿದ ಮೇಲೆ ಮೈಕನ್ನು ತಾವೇ ಕಿತ್ತುಕೊಂಡು ಸೋಬಾನೆಯ ಮೊದಲ ಸೊಲ್ಲು ಹಿಡಿದರು. ತಮ್ಮ ದನಿ ತಮಗೇ ಕೇಳಿಸಿದ್ದಕ್ಕೆ ನಡುವೆ ಒಮ್ಮೆ ನಿಂತು, ಮತ್ತೆ ಹಾಡಿದರು. ನಿಲ್ಲಿಸುವುದು ಕಷ್ಟವಾಯಿತು. ತೇಗದ ಪೆಟ್ಟಿಗೆಯೂ ವ್ಯರ್ಥವಾಗಲಿಲ್ಲ. ಅದನ್ನು ಮಲಗಿಸಿ, ಮೇಲೆ ಜಮಖಾನ ಹಾಸಿ, ಬೀಗರನ್ನು ಕೂರಿಸಿದೆವು. ದೊಡ್ಡಣ್ಣನವರು ಅದರ ಮೇಲೆ ಕುಳಿತೇ ಊಟದ ಹೊತ್ತಿನವರೆಗೂ ಎಲೆ ಅಡಿಕೆ ಹಾಕಿದರು.

ಚೆನ್ನಕೇಶವ ಸಾಮಾನನ್ನು ಸೇಲಂಗೆ ಹಿಂದಿರುಗಿಸಲು ಹೋದವನು ತುತ್ತೂರಿಯನ್ನೂ ಸಣ್ಣ ಯಂತ್ರವನ್ನೂ ತನಗೇ ಕೊಂಡುಕೊಂಡು ಬಂದ. ಆಮೇಲೆ ಪ್ರತಿ ಸಂಜೆಯೂ ನಮ್ಮ ಬೀದಿಗೆ "ಉಂಡೆ ಅವ್ವಾ" ಎಂಬ ಗುಡುಗು ಕೇಳುತ್ತಿತ್ತು. ಬೀದಿಯವರು ಅದನ್ನು ಕೇಳಿ ದೀಪ ಹಚ್ಚುತ್ತಿದ್ದರು. ಅವನು ಏನು ಉಂಡ, ಎಷ್ಟು ಉಂಡ, ಸಾರಿಗೆ ಉಪ್ಪು ಹೆಚ್ಚಾಗಿತ್ತೆ ಎಂಬುದೆಲ್ಲ ಊರಿಗೆ ತಿಳಿದಿರುತ್ತಿತ್ತು. ಯಾರೂ ಬೇಸರಪಟ್ಟುಕೊಂಡದ್ದನ್ನು ನಾನು ಕಾಣೆ. ಮುಂದಿನ ಶಿವರಾತ್ರಿ ಕಳೆದ ಮೇಲೆ ಅತ್ತೆಯವರು ಹೋದರು. ಮಗನ ದನಿ ಕೇಳುತ್ತಲೇ ಹೋದರು. ಆಮೇಲೆ ಅವನು ಆ ತುತ್ತೂರಿಯನ್ನು ಒರೆಸಿ ದೇವರ ಕೋಣೆಯಲ್ಲಿಟ್ಟ. ಯಾವ ವಸ್ತುವನ್ನೂ ಅವನು ಮತ್ತೆ ಎತ್ತಿ ತೂಕ ನೋಡಲಿಲ್ಲ, ಹುಣಸೆಹಣ್ಣನ್ನು ಬಿಟ್ಟು.

ಎಲ್ಲಪ್ಪ ಸುದ್ದಿ ತಂದ ದಿನ ನಾವು ಕಡಯಂಪಟ್ಟಿಗೆ ಹೋದೆವು. ದೊಡ್ಡಮುನಿಯಮ್ಮನೂ ಬಂದಳು. ದೊಡ್ಡಣ್ಣನವರು ಬಾಗಿಲಲ್ಲೇ ನಿಂತಿದ್ದರು, ಮೀಸೆ ಇಳಿಬಿದ್ದಿತ್ತು. "ಅಳಿಲು ಅಂದೋನು ಓದ ಬೀಗರೆ" ಎಂದರು. ಜಗುಲಿಯ ಮೇಲೆ ಅವನನ್ನು ಮಲಗಿಸಿದ್ದರು. ದೊಡ್ಡಮುನಿಯಮ್ಮ ಹತ್ತಿರ ಹೋಗಿ ಮುಖ ನೋಡಿದಳು. ಬೆನ್ನ ಕೆಳಗೆ ಕೈಯಿಟ್ಟು ಸವರಿ ನೋಡಿದಳು. ಆಮೇಲೆ ದನಿ ತೆಗೆದಳು. ಈ ಸಲ ಯಾರೂ ಅವಳನ್ನು ನಿಲ್ಲಿಸಲು ಎದ್ದು ಬರಲಿಲ್ಲ. ಅವನನ್ನು ಎತ್ತಿದಾಗ ನಾನೂ ಒಂದು ಹೆಗಲು ಕೊಟ್ಟೆ. ಬಹಳ ಹಗುರವಾಗಿದ್ದ.

ಮಲೆಯ ಮಾದಪ್ಪ, ಏಳು ಬೆಟ್ಟದ ಒಡೆಯ, ನನ್ನ ಮಗಳ ಅರಿಶಿನ ಕಾಯ್ದವನು ನೀನು. ಬಲವಿಲ್ಲದ ನಮ್ಮಂಥವರಿಗೆ ಅಂಥ ಹಗುರಾದ ಎದೆಯವನನ್ನು ಜೋಡಿ ಮಾಡಿ ಕೊಟ್ಟದ್ದಕ್ಕೆ ನಿನಗೆ ಕೈಮುಗಿಯುತ್ತೇನೆ. ಅವನು ಈಗ ನಿನ್ನ ಬಳಿಗೆ ಬಂದಿದ್ದಾನೆ. ದಾರಿಯಲ್ಲಿ ಏನಾದರೂ ತಪ್ಪಿ ಬೇರೆ ಬಾಗಿಲಿಗೆ ಹೋಗಿದ್ದರೆ ಕೈಹಿಡಿದು ಕರೆದುಕೋ. ಅವನ ಸ್ವಭಾವ ನಿನಗೆ ಗೊತ್ತು. ಅವನನ್ನು ಅವನ ತಾಯಿಯ ಹತ್ತಿರದಲ್ಲೇ ಕೂರಿಸು. ಸಂಜೆ ಅವರು "ಉಂಡ್ಯಾ ಮಗ" ಎಂದು ಕೇಳಿದಾಗ, ಅವನು ಮೆಲ್ಲಗೆ ಹೇಳಿದ್ದೂ ಅವರಿಗೆ ಒಂದೇ ಸಲಕ್ಕೆ ಕೇಳಿಸಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.